ಮಸೂರಕ್ಕೆ ಬಿಟ್ಟ ನೀರು

ಉದ್ದಿನ ರಾಶಿ ಮುಗಿದ ವಾರಕ್ಕೆ ಶಿವಗಂಗಾ ತವರಿನಲ್ಲಿ ಹೊಲ ಕೇಳಿದಳು. ಕೇಳಿದ್ದು ಊಟದ ಹೊತ್ತಿನಲ್ಲಿ, ರೊಟ್ಟಿ ಬಡಿಸುತ್ತ. ಅಪ್ಪ ಮಾಣಿಕಪ್ಪನ ತಟ್ಟೆಗೆ ಎರಡನೆಯ ರೊಟ್ಟಿ ಹಾಕಿ, ಅಣ್ಣ ವೀರಭದ್ರನ ತಟ್ಟೆಗೆ ಮೂರನೆಯದು ಹಾಕುವಾಗ, ಯಾರ ಮುಖವನ್ನೂ ನೋಡದೆ ಅಂದಳು.

“ದಿನ್ನಿ ಹೊಲ ಈ ಹಿಂಗಾರಿಗಿ ನಾ ಮಾಡ್ತೀನಿ.”

ವೀರಭದ್ರ ತುತ್ತು ಬಾಯಿಗೆ ಒಯ್ಯುತ್ತಿದ್ದವನು ಅಲ್ಲೇ ನಿಲ್ಲಿಸಿದ. “ಏನ್ ಮಾಡ್ತಿ?”

“ಮಸೂರ ಹಾಕ್ತೀನಿ.”

ಒಲೆಯ ಮುಂದಿದ್ದ ವೈನಿ, ವೀರಭದ್ರನ ಹೆಂಡತಿ ಪ್ರೇಮಲಾ ನಕ್ಕಳು. “ಕೆಂಪು ಬ್ಯಾಳಿ ತಿನ್ನೋ ಆಸಿ ಆಗ್ಯಾದೇನು? ಜಹೀರಾಬಾದ ಸಂತ್ಯಾಗ ಬೇಕಾದಷ್ಟು ಸಿಗತದ. ಅದಕ್ಕ ಎರಡ ಎಕರೆ ಯಾಕ ಬೇಕು?”

ನ್ಯಾಲ್ಕಲ್ ಮಂಡಲದ ಆ ಊರಿನಲ್ಲಿ ಮಾಣಿಕಪ್ಪನದು ಹನ್ನೊಂದು ಎಕರೆ ಕಪ್ಪು ಮಣ್ಣು. ಒಂಬತ್ತು ಎಕರೆಗೆ ಬೋರಿನ ನೀರು, ಅದರಲ್ಲಿ ಇಪ್ಪತ್ತು ವರ್ಷದಿಂದ ಕಬ್ಬು. ಉಳಿದ ಎರಡು ಎಕರೆ ಮೇಲಿನ ದಿನ್ನೆ. ಅಲ್ಲಿ ಮಳೆಯ ಮೇಲೆ ಉದ್ದು ಬಿತ್ತಿ, ತೆಗೆದ ಮೇಲೆ ದನ ಮೇಯಲು ಬಿಡುತ್ತಿದ್ದರು. ಶಿವಗಂಗಾ ನಾರಾಯಣಖೇಡದ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದು ಎಂಟು ವರ್ಷವಾಗಿತ್ತು. ಗಂಡ ಇನ್ನೊಬ್ಬಳನ್ನು ತಂದು ಮನೆ ತುಂಬಿಸಿಕೊಂಡಿದ್ದ. ಬಂದ ದಿನದಿಂದ ಅವಳು ಎಮ್ಮೆ ಕರೆದಳು, ಸೆಗಣಿ ಬಾಚಿದಳು, ದಿನಕ್ಕೆ ನಲವತ್ತು ರೊಟ್ಟಿ ಬಡಿದಳು. ಹೋಗು ಅಂತ ಯಾರೂ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ.

“ಆ ಹೊಲ ಗುತ್ತಿಗಿ ಹಿಡ್ಯಾಕ ಶುಂಠಿಯವರು ಬರ್ತಾರ,” ಅಂದ ವೀರಭದ್ರ. “ರಾಮುಲು ಎರಡ ಸರ್ತಿ ನೋಡಿ ಹೋಗ್ಯಾನ. ಹೊಸಾ ಮಣ್ಣು ಬೇಕಂತ ಅವ್ರಿಗಿ. ಮಾತಾಡಿ ಆಗ್ಯಾದ.”

“ಮಾತಾಡೂಕಿಂತ ಮದ್ಲ ನನ್ನ ಕೇಳೀದ್ಯಾ?”

“ನಿನ್ನ ಯಾಕ ಕೇಳಬೇಕು?”

“ನಾನೂ ಅಪ್ಪನ ಹೊಟ್ಟ್ಯಾಗ ಹುಟ್ಟೀನಿ. ಅದಕ್ಕ.”

ಗೋಡೆಗೆ ಆನಿಕೊಂಡು ಕೂತಿದ್ದ ತಾಯಿ ಈರಮ್ಮ ಮುಖ ಕಿವುಚಿದಳು. “ಹೊಲಾ ಕೇಳೋ ಮಗಳನ್ನ ಈ ಮನ್ಯಾಗ ಯಾರೂ ಕಂಡಿದ್ದಿಲ್ಲ. ಅದೂ ಒಂದ ಆತು ನೋಡು.”

ಮಾಣಿಕಪ್ಪ ಎದ್ದು ಕೈ ತೊಳೆದ. ತೊಳೆದ ಕೈಯನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಳ್ಳುತ್ತ ಕಡ್ಡಿ ಮುರಿದ ಹಾಗೆ ಹೇಳಿದ.

“ಈ ಹಿಂಗಾರಿ ಹೊಲ ತುಂಬ ಬೆಳದು ತೋರ್ಸು. ಬೆಳದ್ರ ದಿನ್ನಿ ಹೊಲದ ಪಟ್ಟಾ ಪಾಸಬುಕ್ ನಿನ್ನ ಹೆಸರಲೆ ಮಾಡಸ್ತೀನಿ. ಇಲ್ಲಂದ್ರ ಹೊಲದ ಮಾತು ಈ ಮನ್ಯಾಗ ಮತ್ತ ಎತ್ತಬ್ಯಾಡ.”

“ಹೊಲ ತುಂಬ,” ಅಂದ ವೀರಭದ್ರ, ತಂಗಿಯ ಕಡೆ ಬೆರಳು ಮಾಡಿ. “ಕೇಳ್ಸಿಕೊಂಡ್ಯಾ? ಹೊಲ ತುಂಬ.”

ಬೀಜದ ಮಾತು ಮರುದಿನವೇ ಬಂತು. ಈರಮ್ಮನ ಕೋಣೆಯ ಮೂಲೆಯಲ್ಲಿ ಮಣ್ಣು ಸೆಗಣಿ ಮೆತ್ತಿದ ಬುಟ್ಟಿಗಳಿದ್ದವು. ಒಂದರಲ್ಲಿ ಜೋಳ, ಒಂದರಲ್ಲಿ ಕಡಲೆ, ಕೆಳಗಿನ ದೊಡ್ಡ ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಬೆರೆಸಿಟ್ಟ ಮಸೂರ. ಶಿವಗಂಗಾ ಆ ಬುಟ್ಟಿಗೆ ಕೈ ಹಾಕುವುದಕ್ಕೂ ಈರಮ್ಮ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

“ಬುಟ್ಟಿ ಮುಟ್ಟಬ್ಯಾಡ.”

“ಬಿತ್ತಾಕ ಬೇಕವ್ವ.”

“ಮದಿವಿ ಆಗಿ ಹೋದ ಮಗಳಿಗಿ ತಿನ್ನಾಕ ಕಾಳು ಕೊಡ್ತಾರ, ಬಿತ್ತಾಕ ಬೀಜ ಕೊಡಂಗಿಲ್ಲ. ನಮ್ಮತ್ತಿ ಕೊಟ್ಟಿಲ್ಲ, ನಾನೂ ಕೊಡಂಗಿಲ್ಲ. ಮನಿ ಬೀಜ ಮನಿ ಸೊಸಿಗಿ ಹೋಗತದ.”

“ಎಂಟು ವರ್ಷ ಈ ಬುಟ್ಟಿಗಿ ಸೆಗಣಿ ಬಳದಾಕಿ ಯಾರು? ನಿನ್ನ ಸೊಸಿ ಒಂದ ಸರ್ತಿ ಬಳದಾಳೇನು?”

“ಬಳದ್ರ ಬೀಜ ನಿಂದಾತೇನು?” ಈರಮ್ಮ ಬುಟ್ಟಿಯ ಮೇಲೆ ಗೋಣಿತಟ್ಟು ಮುಚ್ಚಿ, ಅದರ ಮೇಲೆ ತಾನೇ ಕೂತುಬಿಟ್ಟಳು.

ಶಿವಗಂಗಾ ಊರ ಕೆಳಗಿನ ಓಣಿಗೆ ಹೋಗಿ ಪೋಚಮ್ಮನ ಬಾಗಿಲಲ್ಲಿ ನಿಂತಳು. ಪೋಚಮ್ಮ, ಅವಳ ಗಂಡ ಹಣಮಯ್ಯ ಇಬ್ಬರೂ ಮಾಣಿಕಪ್ಪನ ಕಬ್ಬಿನಲ್ಲಿ ಕೂಲಿ ಮಾಡುತ್ತಿದ್ದವರು. ಈಗಲೂ ಕೂಲಿ ಬಿಡದೆ, ಸ್ವಂತ ಒಂದೂವರೆ ಎಕರೆಯಲ್ಲಿ ಕಾಳುಕಡಿ ಬೆಳೆದು, ಹೆಂಗಸರ ಸಂಘದ ಬೀಜವನ್ನೂ ಮನೆಯಲ್ಲಿ ಕಾಯುತ್ತಿದ್ದರು. ಎಕರೆಗೆ ಹನ್ನೆರಡು ಕಿಲೋದಂತೆ ಪೋಚಮ್ಮ ಇಪ್ಪತ್ನಾಲ್ಕು ಕಿಲೋ ಅಳೆದು ಕೊಟ್ಟಳು. ಸುಗ್ಗಿಯಲ್ಲಿ ಒಂದಕ್ಕೆ ಎರಡು ವಾಪಸು, ಅದು ಸಂಘದ ಪದ್ಧತಿ.

“ಮಾಣಿಕಪ್ಪ ಗೌಡರ ಮಗಳು ನಮ್ಮ ಮನಿಗಿ ಬೀಜಕ್ಕ ಬಂದಾಳ,” ಅಂದಳು ಪೋಚಮ್ಮ ಗಂಡನ ಕಡೆ ತಿರುಗಿ. “ಸೂರ್ಯ ಯಾವ ಕಡಿ ಹುಟ್ಯಾನ ನೋಡಿ ಬಾ.” ಆಮೇಲೆ ಶಿವಗಂಗಾಳಿಗೆ, “ಗಂಗಕ್ಕಾ, ಮಣ್ಣಿನ ಹಸಿ ಹೋಗೂದ್ರಾಗ ಬಿತ್ತಬೇಕು. ತಡಾ ಮಾಡಿದಿ ಅಂದ್ರ ಈ ಕಾಳು ಯಾರ ಮಾತೂ ಕೇಳಂಗಿಲ್ಲ.”

ರೈತು ವೇದಿಕೆಯಲ್ಲಿ ಕೂರುವ ಕೃಷಿ ಆಫೀಸರು ಮನೀಷಾ ಬೀಜಕ್ಕೆ ಹಚ್ಚುವ ಔಷಧಿಯನ್ನೂ ಜೀವಾಣು ಪುಡಿಯ ಪೊಟ್ಟಣವನ್ನೂ ಕೊಟ್ಟು ಎರಡೆರಡು ಸಲ ಹೇಳಿದಳು. “ಮದ್ಲ ಔಷಧಿ ಹಚ್ರಿ. ಮರುದಿನ ಬೆಲ್ಲದ ನೀರಿನ್ಯಾಗ ಈ ಪುಡಿ ಕಲಸಿ ಹಚ್ರಿ. ನೆಳ್ಳಾಗ ಒಣಗಿಸ್ರಿ. ಬಿಸಲಿಗಿ ಹಾಕಿದ್ರ ಇದ್ರಾಗಿನ ಜೀವ ಸತ್ತು ಹೋಗತದ, ಬೇರಿನ್ಯಾಗ ಗಂಟು ಕಟ್ಟಂಗಿಲ್ಲ.”

ಎರಡನೆಯ ದಿನ ಪಡಸಾಲೆಯ ನೆರಳಿನಲ್ಲಿ ಚಾಪೆ ಹಾಸಿ, ಬೆಲ್ಲದ ನೀರು ಹತ್ತಿ ಮಿನುಗುತ್ತಿದ್ದ ಬೀಜವನ್ನು ತೆಳ್ಳಗೆ ಹರವಿ ಶಿವಗಂಗಾ ಎಮ್ಮೆಗೆ ನೀರು ಕುಡಿಸಲು ಹೋದಳು. ಬಂದು ನೋಡಿದರೆ ಚಾಪೆ ಅಂಗಳದ ನಡುಮಧ್ಯೆ, ರಣರಣ ಬಿಸಿಲಿನಲ್ಲಿ ಇತ್ತು.

“ಇದನ್ನ ಯಾರು ಎಳದ್ರು?”

ಪ್ರೇಮಲಾ ಕಾಳು ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ನಾ ಎಳದೀನಿ. ಹಸಿ ಬೀಜಾ ನೆಳ್ಳಾಗ ಇಟ್ರ ಬೂರಸ ಬರ್ತದ. ಛೊಲೋದಕ್ಕ ಮಾಡೀನಿ.”

“ನಿನಗ ಮಾಡು ಅಂತ ಯಾರು ಹೇಳಿದ್ರು?”

“ಪಡಸಾಲಿ ನಡಕ ಹಾಸಿದ್ರ ಮನ್ಯಾಗಿನ ಮಂದಿ ಎಲ್ಲಿ ತಿರಗಾಡಬೇಕು? ನಿನ್ನ ಬೀಜಕ್ಕ ಮನಿ ಬಿಟ್ಟು ಕೊಡಬೇಕೇನು?”

“ಹೊಟ್ಟ್ಯಾಗಿನ ಕಿಚ್ಚು ಆರಬೇಕಲ್ಲ, ಅದಕ್ಕ ಬಿಸಲಿಗಿ ಹಾಕಿದಿ.”

“ನನಗ್ಯಾಕ ಕಿಚ್ಚು? ಗಂಡನ ಮನಿ ಬಿಟ್ಟು ಬಂದಾಕಿ ನಾ ಅಲ್ಲ.”

ಶಿವಗಂಗಾ ಚಾಪೆಯ ನಾಲ್ಕೂ ಮೂಲೆ ಕೂಡಿಸಿ ಗಂಟು ಕಟ್ಟಿ, ಅದೇ ಮಧ್ಯಾಹ್ನ ಪೋಚಮ್ಮನ ಗುಡಿಸಲಿಗೆ ಒಯ್ದಿಟ್ಟಳು. ಇನ್ನೊಂದು ಪೊಟ್ಟಣಕ್ಕಾಗಿ ಆಟೋ ಹತ್ತಿ ಜಹೀರಾಬಾದಿಗೆ ಹೋದಳು. ತಂದು ಹಚ್ಚಿ ಒಣಗಿಸುವುದರಲ್ಲಿ ಎರಡು ದಿನ ಹೋದವು. ಎರಡು ದಿನದ ಹಸಿಯೂ ಹೊಲದಿಂದ ಹೋಯಿತು.

ಬಿತ್ತುವ ಮುಂಜಾನೆ ಹಣಮಯ್ಯ ಹೊಲದ ನಾಲ್ಕು ಕಡೆ ಬೆರಳಾಳ ಕೆದಕಿ, ಮಣ್ಣು ಹಿಡಿದು ಒತ್ತಿ ನೋಡಿದ. ಉಂಡೆ ಕಟ್ಟಿತು, ಬೆರಳು ತಾಕಿಸಿದರೆ ಒಡೆಯಿತು. “ಇನ್ನ ಮೂರ ದಿನ ತಡಾ ಆಗಿದ್ರ ಕೈಯಾಗ ಧೂಳ ಸಿಗತಿತ್ತು,” ಅಂದ. ವೀರಭದ್ರ ಮನೆಯ ಎತ್ತು ಕೊಡುವುದಿಲ್ಲ ಅಂದಿದ್ದ. ಹಣಮಯ್ಯನ ಎತ್ತುಗಳೇ ಕೂರಿಗೆ ಎಳೆದವು. ಸಾಲಿನಿಂದ ಸಾಲಿಗೆ ಒಂದು ಅಡಿ. ಕೂರಿಗೆಯ ಬಟ್ಟಲಿಗೆ ಪೋಚಮ್ಮ ಬೀಜ ಬಿಡುತ್ತ ನಡೆದಳು, ಶಿವಗಂಗಾ ಹಿಂದಿನಿಂದ ಬಿದ್ದ ಆಳ ನೋಡುತ್ತ ನಡೆದಳು.

“ಎರಡ ಬೆರಳು. ಹೆಚ್ಚಿಗಿ ಹೋದ್ರ ಮ್ಯಾಲ ಬರಾಕ ಅದಕ್ಕ ಉಸಿರು ಸಾಲಂಗಿಲ್ಲ,” ಅಂದಳು ಪೋಚಮ್ಮ. “ಕಮ್ಮಿ ಆದ್ರ ಪಾರಿವಾಳಕ್ಕ ಊಟ.”

ಮಾಣಿಕಪ್ಪ ಕಬ್ಬಿನ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಹೊತ್ತು ಏರಿದ ಮೇಲೆ ಮನೆ ಕಡೆ ನಡೆದ.

ಎಂಟನೆಯ ದಿನಕ್ಕೆ ಸಾಲು ಕಂಡವು. ಇಪ್ಪತ್ತೈದನೆಯ ದಿನಕ್ಕೆ ಕಳೆಯೂ ಅಷ್ಟೇ ಎತ್ತರ ಬಂತು. ಮಸೂರ ಮೊದಲ ತಿಂಗಳು ಬಲು ನಿಧಾನ. ಆಗ ಕಳೆಗೆ ಜಾಗ ಬಿಟ್ಟರೆ ಆಮೇಲೆ ಏನು ಮಾಡಿದರೂ ಮೇಲೇಳುವುದಿಲ್ಲ. ಅದೇ ವಾರ ಕಬ್ಬು ಕಡಿಯುವ ಮಂದಿ ಬಂದಿಳಿದರು. ಹದಿನಾಲ್ಕು ಮಂದಿಗೆ ಮುಂಜಾನೆಯ ರೊಟ್ಟಿ ಮನೆಯಿಂದಲೇ ಹೋಗಬೇಕು.

“ಎಲ್ಲಿಗಿ ಹೊಂಟಿ?” ಕುರ್ಪಿ ಹಿಡಿದು ಬಾಗಿಲು ದಾಟುತ್ತಿದ್ದವಳನ್ನು ಈರಮ್ಮ ತಡೆದಳು. “ಇಷ್ಟು ಮಂದೀ ರೊಟ್ಟಿ ಯಾರು ಬಡೀತಾರ?”

“ಇಪ್ಪತ್ತು ಬಡದು ಇಟ್ಟೀನಿ. ಉಳದಿದ್ದು ವೈನಿ ಬಡೀತಾಳ. ನನಗ ಆರು ದಿನ ಕಳೇ ತಗೀಬೇಕು.”

“ನನಗ ಒಬ್ಬಾಕಿಗಿ ಆಗಂಗಿಲ್ರಿ ಅತ್ತಿ,” ಅಂದಳು ಪ್ರೇಮಲಾ ಒಳಗಿನಿಂದ. “ಅಕಿಗಿ ಹೊಲ ಬ್ಯಾರೆ ಆದ್ರ ಒಲೀನೂ ಬ್ಯಾರೆ ಆಗಲಿ. ಬೆವರು ಅಲ್ಲಿ, ಊಟ ಇಲ್ಲಿ, ಇದ್ಯಾವ ನ್ಯಾಯ?”

“ಎಂಟು ವರ್ಷ ಬೆವರು ಇಲ್ಲೇ ಸುರದೀನಿ. ಆಗ ನ್ಯಾಯ ಎಲ್ಲಿ ಮಲಗಿತ್ತು?”

“ಬಾಯಿ ನೋಡ್ರಿ ಅಕೀದು.”

ಈರಮ್ಮ ಸೊಸೆಯ ಮುಖ ನೋಡಿದಳು, ಮಗಳ ಮುಖ ನೋಡಿದಳು. ಸೊಸೆ ಇಲ್ಲದೆ ಮನೆ ನಡೆಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಒಂದು ಬೋಗುಣಿ, ಒಂದು ತವೆ, ನಾಲ್ಕು ಸೇರು ಜೋಳದ ಹಿಟ್ಟು ತಂದು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟಳು. ಅಲ್ಲಿಂದ ಮುಂದೆ ಶಿವಗಂಗಾ ಎಮ್ಮೆಗಳ ಮಗ್ಗುಲಲ್ಲಿ ಮೂರು ಕಲ್ಲು ಹೂಡಿ ತನ್ನ ಪಾಲಿನ ಎರಡು ರೊಟ್ಟಿ ಬಡಿದುಕೊಂಡಳು. ಮೊದಲ ದಿನ ಪಲ್ಯಕ್ಕೆ ಏನೂ ಇರಲಿಲ್ಲ. ಉಪ್ಪು, ಖಾರ, ಎಣ್ಣೆ ಕಲಸಿಕೊಂಡು ತಿಂದಳು. ಒಳಗಿನಿಂದ ಬದನೆಕಾಯಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಮಾಣಿಕಪ್ಪ ಪಡಸಾಲೆಯಲ್ಲಿ ಕೂತು ಉಂಡ. ಆ ದಿನ ಅವನು ಎರಡನೆಯ ರೊಟ್ಟಿ ಹಾಕಿಸಿಕೊಳ್ಳಲಿಲ್ಲವೆಂದು ಪ್ರೇಮಲಾ ಎರಡು ದಿನ ಆಡಿಕೊಂಡಳು.

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಬಂದರು. ಆ ಹಬ್ಬದಲ್ಲಿ ಹೊಲದಲ್ಲೇ ಪೂಜೆ, ಹೊಲದಲ್ಲೇ ಊಟ. ಎಲ್ಲ ಕಾಳು, ಎಲ್ಲ ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಸಜ್ಜೆಯ ಕಡುಬು, ಗಡಿಗೆಯಲ್ಲಿ ಅಂಬಲಿ. ಅದರಲ್ಲಿ ಒಂದಿಷ್ಟನ್ನು ಪೈರಿಗೆ ಚರಗವಾಗಿ ಚೆಲ್ಲುತ್ತ ಮಾಣಿಕಪ್ಪ ಕಬ್ಬಿನ ಸುತ್ತ ನಡೆದ. ದಿನ್ನೆಯ ಹೊಲದ ಬದುವಿಗೆ ಬಂದಾಗ ನಿಂತ. ಮಸೂರ ಒಂದೂವರೆ ಗೇಣು ಎತ್ತರ ಬಂದು, ಬಿಳಿ ನೀಲಿ ಸಣ್ಣ ಹೂ ಬಿಡತೊಡಗಿತ್ತು. ನಡು ಮಧ್ಯಾಹ್ನದ ಬಿಸಿಲಿಗೆ ಎಲೆಗಳೆಲ್ಲ ಮಡಚಿ ಬಾಗಿದ್ದವು.

“ಏನ ತಂಗೀ,” ಅಂದ ವೀರಭದ್ರ ಕಡುಬು ಮುರಿಯುತ್ತ, “ನಿನ್ನ ಬೆಳ್ಯಾಗ ಕುಂತ್ರ ಮೊಣಕಾಲೂ ಮುಚ್ಚಂಗಿಲ್ಲ. ಮೊಲ ಬಂದ್ರ ಅಡಗಾಕ ನನ್ನ ಕಬ್ಬಿಗೇ ಬರ್ಬೇಕು.”

ಪ್ರೇಮಲಾ ನಕ್ಕಳು. ಈರಮ್ಮನೂ ನಕ್ಕಳು. ಮಾಣಿಕಪ್ಪ ಮಾತ್ರ ಮಡಚಿದ ಎಲೆಯನ್ನೇ ನೋಡುತ್ತಿದ್ದ.

“ನೀರ ಬಿಡಬೇಕೇನು?” ಅಂತ ಮಗಳನ್ನು ಕೇಳಿದ.

ಅಣ್ಣನ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿತ್ತು. ಹೂವಿನ ಹೊತ್ತಿನಲ್ಲಿ, ಕಪ್ಪು ಮಣ್ಣಿನಲ್ಲಿ ಕಾಲುವೆ ತುಂಬ ನೀರು ಬಿಟ್ಟರೆ ಮಸೂರದ ಬೇರು ಕೊಳೆಯುತ್ತದೆ, ಬಿಸಿಲಿಗೆ ಬಾಗಿದ ಎಲೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ ಎಂದು ಮನೀಷಾ ಹೇಳಿದ್ದನ್ನು ಅವಳು ಅಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ.

“ನಿಮ್ಮ ನೀರು ನಿಮ್ಮ ಕಬ್ಬಿಗೇ ಇರ್ಲಿ,” ಅಂದಳು. “ನನಗ ನಿಮ್ಮದು ಏನೂ ಬ್ಯಾಡ.”

ಹಬ್ಬ ಆದ ಮೂರನೆಯ ದಿನ ನಾರಾಯಣಖೇಡದ ಕೋರ್ಟಿನಲ್ಲಿ ಅವಳ ಸೋಡಚೀಟಿಯ, ಗಂಡನಿಂದ ಬಿಡುಗಡೆಯ, ತಾರೀಖಿತ್ತು. ಸೋದರತ್ತೆ ಅಮೃತಬಾಯಿಯ ಮನೆಯಲ್ಲಿ ಎರಡು ದಿನ ಉಳಿದಳು. ಮೊದಲ ದಿನ ವಕೀಲ ಬರಲಿಲ್ಲ, ಎರಡನೆಯ ದಿನ ಗಂಡ ಬರಲಿಲ್ಲ. ಅದರ ಮರುದಿನ ಊರಲ್ಲಿ ಜೀಪಿನಿಂದ ಇಳಿದವಳು ಮನೆಗೆ ಹೋಗದೆ ನೇರ ಹೊಲಕ್ಕೆ ಹೋದಳು.

ಬದು ದಾಟಿದ ಕೂಡಲೆ ಕಾಲು ಹಿಮ್ಮಡದ ತನಕ ಹೂತಿತು. ಹೊಲದ ಕೆಳಗಿನ ಅರ್ಧ ಕೆರೆಯ ಹಾಗೆ ಮಿಂಚುತ್ತಿತ್ತು. ಕಬ್ಬಿಗೆ ಹೋಗುವ ಕಾಲುವೆ ಹೊಲದ ಮಗ್ಗುಲಿಗೆ, ನಡು ಮಟ್ಟದಲ್ಲಿ ಹಾಯುತ್ತದೆ. ಆ ಕಾಲುವೆಯ ಬದುವನ್ನು ಯಾರೋ ಸಲಿಕೆಯಿಂದ ಹಸನಾಗಿ ಕಡಿದಿದ್ದರು. ಎತ್ತರದ ಅರ್ಧಕ್ಕೆ ನೀರು ಏರಿರಲಿಲ್ಲ. ಇಳಿಜಾರಿನ ಅರ್ಧದಲ್ಲಿ ಗಿಡಗಳು ನೀರಲ್ಲಿ ಅರ್ಧ ಮುಳುಗಿ ನಿಂತಿದ್ದವು, ಉದುರಿದ ಹೂಗಳು ನೀರಿನ ಮೇಲೆ ತೇಲುತ್ತಿದ್ದವು.

ಮನೆಯಲ್ಲಿ ಊಟದ ಹೊತ್ತು. ವೀರಭದ್ರ ಅನ್ನ ಸಾರು ಕಲಸುತ್ತಿದ್ದ, ಎದುರಿಗೆ ಮಾಣಿಕಪ್ಪ. ಶಿವಗಂಗಾ ಕೆಸರುಗಾಲಲ್ಲೇ ಒಳಗೆ ಬಂದು, ಕೈಯಲ್ಲಿದ್ದ ಗಿಡವನ್ನು ಬೇರು ಕೆಸರು ಸಮೇತ ಅಣ್ಣನ ತಟ್ಟೆಯೊಳಗೆ ಇಟ್ಟಳು.

“ತಿನ್ನು. ಇದಕ್ಕೇ ಅಲ್ಲ ನೀ ಹಸದಿದ್ದು?”

ವೀರಭದ್ರ ತಟ್ಟೆ ನೋಡಿದ, ಅವಳನ್ನು ನೋಡಿದ. “ಏನಿದು?”

“ಎರಡ ದಿನ ನಾ ಊರಾಗ ಇರಲಿಲ್ಲ. ಕಾಲುವಿ ಕಡದು ನೀರ ಬಿಟ್ಟಿದಿ. ನಿನ್ನ ರಾಮುಲುಗ ಹೊಲ ಬೇಕಾಗಿತ್ತಲ್ಲ.”

“ನಾ ಬಿಟ್ಟಿಲ್ಲ.”

“ನೀ ಬಿಟ್ಟಿಲ್ಲಂದ್ರ ಕಾಲುವಿ ತಾನ ಸಲಿಕಿ ಹಿಡಕೊಂಡು ಬಂತೇನು? ಗಂಡಸಾದ್ರ ಬಿಟ್ಟೀನಿ ಅಂತ ಹೇಳು. ಹೆಂಗಸರ ಹಂಗ ಹಿಂದಿನಿಂದ ಹೊಡೀಬ್ಯಾಡ.”

ವೀರಭದ್ರ ತಟ್ಟೆ ಎತ್ತಿ ಅಂಗಳಕ್ಕೆ ಎಸೆದ. ಅನ್ನ, ಕೆಸರು, ಗಿಡ ಒಂದೊಂದು ಕಡೆ ಬಿದ್ದವು. “ಇನ್ನೊಂದ ಮಾತಾಡಿದ್ರ ಕಪಾಳಕ್ಕ ಬೀಳ್ತದ.”

“ಹೊಡಿ. ಅದೊಂದ ಬಾಕಿ ಅದ.”

“ಉಣ್ಣೋ ಅನ್ನದಾಗ ಕೆಸರ ಹಾಕ್ಯಾಳ್ರಿ,” ಅಂತ ಪ್ರೇಮಲಾ ಮಾವನ ಕಡೆ ತಿರುಗಿದಳು. “ನೀವು ನೋಡ್ಕೊತ ಕುಂತೀರಿ. ಒಂದ ಮಾತರ ಅನ್ರಿ ಮಾವಾ.”

ಮಾಣಿಕಪ್ಪ ತನ್ನ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೂತಿದ್ದ. ಬೆರಳಿಗೆ ಹತ್ತಿದ ಸಾರು ಒಣಗುತ್ತಿತ್ತು. ಅವನು ಮಗನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ.

ಆ ಸಂಜೆಯೊಳಗೆ ಹಣಮಯ್ಯ, ಪೋಚಮ್ಮ, ಶಿವಗಂಗಾ ಮೂವರೂ ಕೂಡಿ ಕೆಳಗಿನ ಬದು ಒಡೆದು, ನಾಲ್ಕು ಕಡೆ ತೋಡು ತೆಗೆದು ನೀರನ್ನು ಹಳ್ಳಕ್ಕೆ ಹರಿಸಿದರು. ನೀರು ಹೋಯಿತು, ಗಿಡ ಉಳಿಯಲಿಲ್ಲ. ಐದನೆಯ ದಿನಕ್ಕೆ ಕೆಳಗಿನ ಅರ್ಧ ಹಳದಿಯಾಯಿತು, ಹತ್ತನೆಯ ದಿನಕ್ಕೆ ಕಂದಾಯಿತು. ಕಿತ್ತು ನೋಡಿದರೆ ಬೇರು ಕಪ್ಪಗೆ, ಬೆರಳಲ್ಲಿ ಹಿಚುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಮೇಲಿನ ಅರ್ಧ ಮಾತ್ರ ಏನೂ ಆಗಿಲ್ಲವೆಂಬಂತೆ ಕಾಯಿ ಕಟ್ಟತೊಡಗಿತು.

“ಗಂಗಕ್ಕಾ,” ಅಂದಳು ಪೋಚಮ್ಮ ಒಂದು ದಿನ, ಸತ್ತ ಗಿಡ ಕೀಳುತ್ತ. “ನಾ ಹೇಳಬಾರದು. ನಮಗೂ ನಿಮ್ಮ ಕಬ್ಬಿನ್ಯಾಗ ಕೂಲಿ ಬೇಕು. ಆದ್ರ ನೀ ದಿನಾ ಅಣ್ಣಗ ಬೈಕೊತ ತಿರಗೋದು ನೋಡಾಕ ಆಗಂಗಿಲ್ಲ. ಸಲಿಕಿ ಹಿಡದಿದ್ದು ನಿಮ್ಮಣ್ಣ ಅಲ್ಲ.”

“ಮತ್ಯಾರು?”

ಪೋಚಮ್ಮ ಕಣ್ಣಲ್ಲೇ ಬದುವಿನ ಕಡೆ ತೋರಿಸಿದಳು. ಅಲ್ಲಿ ಮಾಣಿಕಪ್ಪ ಕೂತಿದ್ದ. ದಿನವೂ ಆ ಹೊತ್ತಿಗೆ ಬಂದು ಅಲ್ಲೇ ಕೂರುತ್ತಿದ್ದ.

ಶಿವಗಂಗಾ ಕೈಯಲ್ಲಿದ್ದ ಗಿಡ ಬಿಸಾಕಿ ಹೋಗಿ ಅಪ್ಪನ ಎದುರು ನಿಂತಳು. “ನೀ ಬಿಟ್ಟೇನು ನೀರು?”

“ಎಲಿ ಮಡಚಿದ್ವು,” ಅಂದ ಮಾಣಿಕಪ್ಪ. “ಕಬ್ಬು ಎಲಿ ಮಡಚಿದ್ರ ನೀರ ಕೇಳತದ. ಇಪ್ಪತ್ತ ವರ್ಷ ಅದನ್ನೇ ನೋಡೀನಿ. ನೀ ಸಿಟ್ಟಿಲೆ ಬ್ಯಾಡಂದಿ ಅಂತ ತಿಳಕೊಂಡೆ. ನೀ ಇಲ್ಲದಾಗ ಬಿಟ್ರ ಹೊಲ ಎದ್ದು ನಿಂತಿರ್ತದ, ಬಂದು ನೋಡ್ತಾಳ ಅಂದ್ಕೊಂಡೆ.”

“ಅವತ್ತ ಊಟಕ್ಕ ಕುಂತಾಗ ಯಾಕ ಹೇಳಲಿಲ್ಲ? ನಾ ಅಣ್ಣನ ತಟ್ಟ್ಯಾಗ ಕೆಸರ ಹಾಕಿದೆ. ನೀ ಎದುರಿಗೇ ಕುಂತಿದ್ದಿ.”

“ಹೇಳಿದ್ರ ನೀ ಅಂವಗ ಅಂದಿದ್ದೆಲ್ಲ ನನಗ ಅಂತಿದ್ದಿ.”

ಅಂತಿದ್ದಳು, ಅದು ನಿಜ. ಮನೆಗೆ ಬಂದವಳು ಎತ್ತಿಗೆ ಮೇವು ಹಾಕುತ್ತಿದ್ದ ವೀರಭದ್ರನ ಹಿಂದೆ ನಿಂತಳು.

“ಅಣ್ಣಾ, ನೀರ ಬಿಟ್ಟಿದ್ದು ಅಪ್ಪ. ನಂಗ ಈಗ ಮಾಲೂಮ್ ಆತು.”

“ನಂಗ ಅವತ್ತೇ ಮಾಲೂಮಿತ್ತು.” ವೀರಭದ್ರ ತಿರುಗಲಿಲ್ಲ. “ಅಪ್ಪನ ಹೆಸರು ನಾ ಹೇಳಬೇಕೇನು? ನಿನಗ ನನ್ನ ಮ್ಯಾಲ ಹಾಕೋದೇ ಹಿತ ಆಗಿತ್ತು.”

“ತಪ್ಪಾತು.”

“ನಾ ಕಲಸಿದ ಅನ್ನದಾಗ ಕೆಸರ ಹಾಕಿದಿ. ನೀ ತಪ್ಪಾತು ಅಂದ್ರ ಆ ಅನ್ನ ಹಸನ ಆಗತದೇನು? ಹೋಗು. ಹೊಲ ತುಂಬ ಅಂದಿದ್ದ ಅಪ್ಪ. ಹೊಲ ಅರ್ಧ ಆಗ್ಯಾದ. ಸುಗ್ಗಿಗಿ ರಾಮುಲುನ್ನ ಕರಕೊಂಡು ಬರ್ತೀನಿ.”

ಹೇಳಿದ ಹಾಗೆ ಕರೆದುಕೊಂಡೇ ಬಂದ. ಫೆಬ್ರವರಿಯ ಒಂದು ಶನಿವಾರ. ಮೇಲಿನ ಅರ್ಧದಲ್ಲಿ ಗಿಡಗಳ ಕೆಳಗಿನ ಕಾಯಿ ಕಂದಾಗಿ, ಅಲುಗಿಸಿದರೆ ಗಲಗಲ ಅನ್ನುತ್ತಿದ್ದವು. ಇನ್ನು ನಾಲ್ಕು ದಿನ ಬಿಟ್ಟರೆ ಕಾಯಿ ಬಿರಿದು ಕಾಳು ನೆಲಕ್ಕೆ ಬೀಳುತ್ತದೆ. ಇಬ್ಬನಿ ಆರುವ ಮುಂಚೆ ಕೊಯ್ಯಬೇಕೆಂದು ಶಿವಗಂಗಾ, ಪೋಚಮ್ಮ ನಸುಕಿನಲ್ಲೇ ಕುಡಗೋಲು ಹಿಡಿದು ನಾಲ್ಕು ಸಾಲು ಮುಗಿಸಿದ್ದರು. ಅಷ್ಟರಲ್ಲಿ ವೀರಭದ್ರ, ರಾಮುಲು, ಹಿಂದೆ ಪ್ರೇಮಲಾ, ಈರಮ್ಮ ಬದು ಹತ್ತಿ ಬಂದರು. ಎಲ್ಲರಿಗಿಂತ ಹಿಂದೆ ಮಾಣಿಕಪ್ಪ.

ರಾಮುಲು ಸತ್ತ ಅರ್ಧದ ಮಣ್ಣು ಹಿಡಿದು ನೋಡಿದ. “ಮಣ್ಣ ಛೊಲೋ ಅದ. ಎರಡೂ ಎಕರೆ ಕೂಡೇ ಕೊಡ್ರಿ. ಅರ್ಧಂಬರ್ಧ ನಂಗ ಬ್ಯಾಡ.”

“ಎರಡೂ ಎಕರೆ,” ಅಂದ ವೀರಭದ್ರ. “ಅಪ್ಪನ ಮಾತು ಹಂಗೇ ಇತ್ತು. ಹೊಲ ತುಂಬ ಬೆಳೀಬೇಕಾಗಿತ್ತು. ಹೌದಲ್ಲಪ್ಪ?”

ಮಾಣಿಕಪ್ಪ ಸತ್ತ ಗಿಡಗಳ ಕಡೆ ನೋಡಿದ.

ಶಿವಗಂಗಾ ಕುಡಗೋಲು ನೆಲಕ್ಕಿಟ್ಟು, ಹೊಲದ ನಡುವೆ ಸತ್ತ ಗಿಡ ಮುಗಿದು ಬದುಕಿದ ಗಿಡ ಶುರುವಾಗುವಲ್ಲಿಗೆ ನಡೆದು ಬಂದಳು. ಅಲ್ಲಿ ಹಗ್ಗ ಹಿಡಿದು ಎಳೆದಂತೆ ಒಂದು ಗೆರೆ ಇತ್ತು. ಕೆಳಗೆ ಕಪ್ಪು, ಮೇಲೆ ಹೊನ್ನಿನ ಬಣ್ಣ.

“ಅಪ್ಪ, ನೀ ಬಿಟ್ಟ ನೀರು ಇಲ್ಲೀತನಕ ಬಂತು,” ಅಂದಳು. “ನೀರು ಹತ್ತಿದ್ದು ನಿಮ್ಮದು. ಅದ್ರಾಗ ಶುಂಠಿ ಹಾಕ್ರಿ, ಏನರ ಹಾಕ್ರಿ, ನಾ ಕೇಳಂಗಿಲ್ಲ. ನೀರು ಹತ್ತಲಾರದ್ದು ನಂದು. ಅದನ್ನ ನಾ ತುಂಬ ಬೆಳದೀನಿ. ಒಂದ ಕಾಯಿ ಜೊಳ್ಳು ಇದ್ರ ತೋರ್ಸು.”

“ಒಂದ ಎಕರೆಗಿ ಬ್ಯಾರೆ ಪಾಸಬುಕ್ಕಾ?” ಅಂತ ಪ್ರೇಮಲಾ ಮೂಗು ಮುರಿದಳು.

“ಹತ್ತ ಗುಂಟೆ ಇದ್ರೂ ಬ್ಯಾರೆ.”

“ಮಂದಿ ಎದುರಿಗಿ ಮನಿ ಹೊಲಾ ಸೀಳ್ತಾಳ,” ಅಂದಳು ಈರಮ್ಮ. “ಇದಕ್ಕೇ ಏನು ನಿನ್ನ ಹಡದಿದ್ದು?”

ರಾಮುಲು ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. “ನೀವು ನೀವು ಮಾತಾಡ್ಕೊಳ್ರಿ. ನಾ ಗಾಡಿ ಕಡಿ ನಿಂತಿರ್ತೀನಿ,” ಅಂತ ಜಾಗ ಬಿಟ್ಟ.

ಗಿರಾಕಿ ಬೆನ್ನು ತಿರುಗಿಸಿದ್ದು ವೀರಭದ್ರನಿಗೆ ಉರಿಯಿತು. ಬದುವಿನಲ್ಲಿದ್ದ ಒಂದು ಕಲ್ಲು ಎತ್ತಿಕೊಂಡು ತಂಗಿಯನ್ನು ದಾಟಿ, ನಿಂತ ಬೆಳೆಯೊಳಗೆ ಹದಿನೈದು ಹೆಜ್ಜೆ ನಡೆದು, ಅಲ್ಲಿ ಎತ್ತಿ ಹಾಕಿದ. ಕಲ್ಲಿನ ಕೆಳಗೆ ಒಣಗಿದ ಕಾಯಿಗಳು ಚಟಚಟ ಒಡೆದವು.

“ತಗೋ. ಇಲ್ಲಿಂದ ಮ್ಯಾಲ ನಿಂದು. ಅಷ್ಟರ ಸಿಕ್ತಲ್ಲ ಅಂತ ಖುಶಿ ಪಡು.”

ಶಿವಗಂಗಾ ಹೋದಳು. ಕಲ್ಲು ಅವಳ ತೂಕದ ಅರ್ಧವಾದರೂ ಇತ್ತು. ಮೊದಲ ಸಲ ಎತ್ತಿದಾಗ ಜಾರಿ ಪಾದದ ಮಗ್ಗುಲಿಗೆ ಬಿತ್ತು. ಪೋಚಮ್ಮ ಒಂದು ಹೆಜ್ಜೆ ಮುಂದೆ ಇಟ್ಟಳು. ಶಿವಗಂಗಾ ತಲೆಯಾಡಿಸಿ ಬೇಡವೆಂದಳು. ಎರಡನೆಯ ಸಲ ಹೊಟ್ಟೆಗೆ ಆನಿಸಿ ಎತ್ತಿ, ಹಿಂದಕ್ಕೆ ಬಾಗಿ, ಸಾಲು ತುಳಿಯದ ಹಾಗೆ ಕಾಲಿಡುತ್ತ ಹದಿನೈದು ಹೆಜ್ಜೆ ಕೆಳಗೆ ಬಂದಳು. ಗೆರೆಯ ಮೇಲೆ ಇಳಿಸಿ, ಎರಡೂ ಕೈಯಿಂದ ತಿರುವಿ, ಅಲುಗಾಡದಂತೆ ಕೂರಿಸಿದಳು. ಕಲ್ಲಿನ ಅಂಚು ತರಚಿ ಸೀರೆಗೆ, ಮುಂಗೈಗೆ ರಕ್ತ ಹತ್ತಿತ್ತು.

ವೀರಭದ್ರ ಮತ್ತೆ ಅದರ ಕಡೆ ಬಂದ.

“ಮುಟ್ಟಬ್ಯಾಡ,” ಅಂದ ಮಾಣಿಕಪ್ಪ.

“ಅಪ್ಪ, ಮಾತು ಹೊಲ ತುಂಬ ಅಂತ...”

“ಮಾತು ನಂದು. ನೀರೂ ನಂದು. ಹೆಬ್ಬಟ್ಟೂ ನಂದು. ಕಲ್ಲು ಅಲ್ಲೇ ಇರ್ಲಿ.”

“ಹಂಗಾದ್ರ ಇನ್ನ ಮ್ಯಾಲ ಅಕಿ ಮನ್ಯಾಗೇ ಉಣ್ಣು,” ಅಂದ ವೀರಭದ್ರ. “ನನ್ನ ಮನ್ಯಾಗ ನಿನಗ ತಟ್ಟಿ ಇಲ್ಲ.” ಅವನು ಹೊರಟ. ಪ್ರೇಮಲಾ ಅವನ ಹಿಂದೆ ಹೊರಟಳು. ಈರಮ್ಮ ಇಬ್ಬರ ಕಡೆಯೂ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಮಗನ ಹಿಂದೆಯೇ ನಡೆದಳು.

ಮಾಣಿಕಪ್ಪ ಕಲ್ಲಿನ ಹತ್ತಿರ ಬಂದು ನಿಂತ. ಅದನ್ನು ದಾಟಿ ಮೇಲಿನ ಹೊಲಕ್ಕೆ ಕಾಲಿಡಲಿಲ್ಲ.

“ನಾಡದು ಸೋಮವಾರ ತಾಸೀಲ್ದಾರ ಆಫೀಸಿಗಿ ಹೋಗೋಣು,” ಅಂದ. “ಮುಂಜಾನಿ ಜೀಪಿಗಿ ತಯಾರಾಗಿರು. ವೀರಭದ್ರ ನನ್ನ ಮನಸ ತಿರಗಿಸೋದ್ರಾಗ ಬರಸಿ ಬಿಡ್ತೀನಿ.”

ಶಿವಗಂಗಾ ಅಪ್ಪನ ಮುಖ ನೋಡಿದಳು, ಆಮೇಲೆ ಹೊತ್ತು ನೋಡಿದಳು. ಇಬ್ಬನಿ ಆರುತ್ತ ಬಂದಿತ್ತು. ಬಿಸಿಲು ಬಿದ್ದ ಸಾಲುಗಳಲ್ಲಿ ಒಂದೊಂದೇ ಕಾಯಿ ಸಿಡಿಯುವ ಸದ್ದು ಕೇಳುತ್ತಿತ್ತು.

“ಸೋಮವಾರ ಆಗಂಗಿಲ್ಲ,” ಅಂದಳು. “ಕೊಯ್ಲು ಮುಗೀಲಾರದ ನಾ ಹೊಲ ಬಿಟ್ಟು ಎಲ್ಲೂ ಬರಂಗಿಲ್ಲ. ಬುಧವಾರ ಬರ್ತೀನಿ. ಅಷ್ಟರಾಗ ನಿನ್ನ ಮನಸ ತಿರಗಿತು ಅಂದ್ರ ಅದನ್ನೂ ಬಂದು ಇಲ್ಲೇ ಹೇಳು.”

ಅವಳು ಕುಡಗೋಲು ಎತ್ತಿಕೊಂಡು ಐದನೆಯ ಸಾಲಿಗೆ ಬಾಗಿದಳು.